ಕೆರೆಯ ಪಾಚಿಯಲ್ಲಿ ಸೇರುವ ಲೋಹವಿಷಗಳು: ಬೆಂಗಳೂರಿನ ಹೊರವಲಯದ ಬೇಸಾಯಗಾರರು ತಿಳಿಯತಕ್ಕ ವಿಷಯ

ಬೇಸಗೆಯಲ್ಲಿ ಕೆರೆಯ ನೀರು ಇಳಿದ ಮೇಲೆ ಅದರ ಗೋಡನ್ನೂ, ಅದರಲ್ಲಿ ಬೆಳೆದ ಪಾಚಿ ಮತ್ತು ಕಳೆಗಳನ್ನೂ ತೆಗೆದು ಹೊಲಗದ್ದೆಗಳಿಗೆ ಹೊಡೆಯುವುದು ನಮ್ಮ ಸೀಮೆಯಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ಗೋಡು ಹೊಡೆದ ಹೊಲವು ನಾಲ್ಕಾರು ವರ್ಷಗಳ ವರೆಗೆ ಒಳ್ಳೆಯ ಫಸಲನ್ನು ಕೊಡುವುದೆಂಬುದು ಬೇಸಾಯಗಾರರೆಲ್ಲರೂ ಅನುಭವದಿಂದ ಬಲ್ಲ ಸಂಗತಿಯಾಗಿರುತ್ತದೆ. ಮಳೆಯ ನೀರಿನಿಂದ ಮಾತ್ರವೇ ತುಂಬತಕ್ಕ ಕೆರೆಗಳ ಮಟ್ಟಿಗೆ ಈ ಪದ್ಧತಿಯು ಈಗಲೂ ಶ್ಲಾಘ್ಯವಾದುದೇ. ಆದರೆ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ, ಜಿಗಣಿ ಮುಂತಾದ ಸ್ಥಳಗಳ ಕಾರ್ಖಾನೆಯ ನೀರೂ ನಗರದ ಕೊಳಚೆಯೂ ಬಂದು ಸೇರುವ ಕೆರೆಗಳ ವಿಷಯದಲ್ಲಿ ಹಿರಿಯರ ಈ ಪದ್ಧತಿಯನ್ನು ಪರೀಕ್ಷೆಯಿಲ್ಲದೆ ಅನುಸರಿಸುವುದು ಅಪಾಯಕರ. ಅಂತಹ ನೀರಿನಲ್ಲಿ ಬೆಳೆಯುವ ಪಾಚಿಯು ಅಲ್ಲಿರುವ ಲೋಹವಿಷಗಳನ್ನು ಹೀರಿ ತನ್ನ ಮೈಯಲ್ಲಿ ಕೂಡಿಹಾಕಿಕೊಳ್ಳುತ್ತದೆ. ಅದನ್ನು ಗೊಬ್ಬರವೆಂದು ಹೊಲಕ್ಕೆ ಸಾಗಿಸಿದರೆ ಆ ವಿಷವನ್ನೇ ಸಾಗಿಸಿದಂತಾಗುವುದು. ಇದು ಹೇಗೆ ನಡೆಯುತ್ತದೆ, ಗ್ರಾಮದ ಮುಖಂಡರೂ ಜಮೀನುದಾರರೂ ಇದಕ್ಕೆ ಏನು ಮಾಡತಕ್ಕದ್ದು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

೧. ಲೋಹವಿಷಗಳು ಯಾವುವು, ಎಲ್ಲಿಂದ ಬರುತ್ತವೆ?

ಕ್ಯಾಡ್ಮಿಯಂ, ಸೀಸ, ಕ್ರೋಮಿಯಂ, ನಿಕಲ್, ಪಾದರಸ ಮುಂತಾದ ಭಾರಲೋಹಗಳನ್ನೇ ಇಲ್ಲಿ ಲೋಹವಿಷಗಳೆಂದು ಕರೆದಿದೆ. ತಾಮ್ರ, ಸತುವು ಇವೆರಡೂ ಗಿಡಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಆಹಾರವೇ ಆದರೂ ಮಿತಿಮೀರಿದರೆ ವಿಷವಾಗುತ್ತವೆ. ಪಾಷಾಣವೆಂದು ಜನರು ಬಲ್ಲ ಆರ್ಸೆನಿಕ್ಕನ್ನೂ ಇವುಗಳ ಜೊತೆಯಲ್ಲಿಯೇ ಎಣಿಸುವುದು ವಾಡಿಕೆ. ಸಗಣಿ, ಎಲೆ, ಹೆಣ ಮೊದಲಾದ ಕೊಳಕುಗಳು ಕಾಲಕ್ರಮದಲ್ಲಿ ಕೊಳೆತು ಮಣ್ಣಾಗುತ್ತವೆ. ಲೋಹವು ಕೊಳೆಯುವುದಿಲ್ಲ, ಸುಟ್ಟರೂ ನಾಶವಾಗುವುದಿಲ್ಲ. ಅದು ನೀರಿನಿಂದ ಗಿಡಕ್ಕೂ, ಗಿಡದಿಂದ ಮಣ್ಣಿಗೂ, ಮಣ್ಣಿನಿಂದ ಅನ್ನಕ್ಕೂ ಸ್ಥಳವನ್ನು ಬದಲಾಯಿಸಬಲ್ಲುದೇ ವಿನಾ ಇಲ್ಲದಂತಾಗಲಾರದು. ಈ ಒಂದು ತತ್ತ್ವವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲವೂ ಸುಲಭವಾಗಿ ತಿಳಿಯುವುದು.

ಪೀಣ್ಯದ ಕೈಗಾರಿಕಾ ಪ್ರದೇಶವು ೧೯೭೦ರ ದಶಕದಿಂದ ಬೆಳೆದುಬಂದುದು. ಅಲ್ಲಿ ಲೋಹಗಳಿಗೆ ಲೇಪ ಕೊಡುವ ಸಣ್ಣ ಕಾರ್ಖಾನೆಗಳು ಅನೇಕವಿರುತ್ತವೆ. ಲೇಪದ ತೊಟ್ಟಿಗಳನ್ನು ತೊಳೆದ ನೀರಿನಲ್ಲಿ ಕ್ರೋಮಿಯಂ, ನಿಕಲ್, ಸತುವು, ತಾಮ್ರಗಳು ಉಳಿಯುತ್ತವೆ. ಬಣ್ಣ, ಬ್ಯಾಟರಿ, ವಿದ್ಯುತ್ ಫಲಕಗಳ ತಯಾರಿಕೆಯಿಂದಲೂ ಇಂತಹ ಲೋಹಗಳು ನೀರಿಗೆ ಸೇರಬಲ್ಲವು. ಪೀಣ್ಯದ ಒಂದು ಭಾಗದ ನೀರು ವೃಷಭಾವತಿಗೆ ಇಳಿಯುತ್ತದೆ. ಬಸವನಗುಡಿಯ ದೊಡ್ಡ ಬಸವನ ಪಾದದಡಿಯಲ್ಲಿ ಹುಟ್ಟುವುದೆಂದು ಪ್ರತೀತಿಯುಳ್ಳ ಈ ಹೊಳೆಯು ಕೆಂಗೇರಿಯನ್ನು ದಾಟಿ, ಬಿಡದಿಯ ಸಮೀಪದ ಬೈರಮಂಗಲದ ಕೆರೆಯನ್ನು ತುಂಬಿಸಿ, ಮುಂದೆ ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಪೂರ್ವದ ಕಡೆಯಲ್ಲಿ ಕೋರಮಂಗಲ ಮತ್ತು ಚಲ್ಲಘಟ್ಟದ ಕಣಿವೆಯ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಬೆಳ್ಳಂದೂರಿನ ಕೆರೆಯಲ್ಲಿ ೨೦೧೫ರಲ್ಲಿಯೂ ೨೦೧೭ರಲ್ಲಿಯೂ ಬೆಂಕಿ ಕಾಣಿಸಿಕೊಂಡುದನ್ನು ವಾಚಕರು ಕೇಳಿಯೇ ಇರುವರು. ನೊರೆಯೂ ಬೆಂಕಿಯೂ ಕಣ್ಣಿಗೆ ಕಾಣುತ್ತವೆ. ಲೋಹವಿಷವಾದರೋ ತಿಳಿಯಾದ ನೀರಿನಲ್ಲಿಯೂ ಇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

೨. ಪಾಚಿಯು ಲೋಹವನ್ನು ಹಿಡಿಯುವ ಬಗೆ

ಈ ವಿಷಯದಲ್ಲಿ ವಿಜ್ಞಾನಿಗಳು ಹೆಚ್ಚಾಗಿ ವ್ಯಾಸಂಗ ಮಾಡಿರುವುದು ಸಮುದ್ರದ ಪಾಚಿಗಳ ಮೇಲೆ. ಕಾರವಾರ, ಮಲ್ಪೆ ಮುಂತಾದ ನಮ್ಮ ಕರಾವಳಿಯ ಬಂಡೆಗಳ ಮೇಲೆ ಬೆಳೆಯುವ ಸಾರ್ಗ್ಯಾಸಮ್ ಎಂಬ ಕಂದು ಪಾಚಿಯೂ, ಉಲ್ವ ಎಂಬ ಹಸುರು ಪಾಚಿಯೂ ಇಂತಹವೇ. ಇವುಗಳಿಗೆ ನೆಲದಲ್ಲಿ ಬೇರೂರಿ ಆಹಾರವನ್ನು ಹೀರುವ ಕ್ರಮವಿಲ್ಲ. ಮೈಯೆಲ್ಲವೂ ಬಾಯಿಯಾಗಿ, ಸುತ್ತಲಿನ ನೀರಿನಿಂದಲೇ ತಮಗೆ ಬೇಕಾದುದನ್ನು ತೆಗೆದುಕೊಳ್ಳುತ್ತವೆ. ಆದಕಾರಣ ನೀರಿನಲ್ಲಿರುವ ಲೋಹದ ಪ್ರಮಾಣಕ್ಕಿಂತ ಸಾವಿರ ಪಾಲು ಹೆಚ್ಚಿನ ಪ್ರಮಾಣವು ಒಣಗಿದ ಕಡಲಪಾಚಿಯಲ್ಲಿ ಕಂಡುಬರುವುದು ಅಪರೂಪವಲ್ಲ. ಯೂರೋಪಿನ ಕರಾವಳಿಗಳಲ್ಲಿ ಸಮುದ್ರವು ಎಷ್ಟು ಮಲಿನವಾಗಿದೆಯೆಂದು ತಿಳಿಯುವುದಕ್ಕೆ ನೀರಿನ ಜೊತೆಗೆ ಫ್ಯೂಕಸ್ ಎಂಬ ಕಂದು ಪಾಚಿಯನ್ನೂ ಪರೀಕ್ಷಿಸುವ ಕ್ರಮವು ಇದರಿಂದಲೇ ಬಂದುದು. ನೀರಿನ ಪರೀಕ್ಷೆಯು ಆ ದಿನದ ಸ್ಥಿತಿಯನ್ನು ಹೇಳುತ್ತದೆ; ಪಾಚಿಯ ಪರೀಕ್ಷೆಯು ಕಳೆದ ಕೆಲವು ವಾರಗಳ ಲೆಕ್ಕವನ್ನೇ ಒಪ್ಪಿಸುತ್ತದೆ.

ಪಾಚಿಯು ಲೋಹವನ್ನು ಹಿಡಿಯುವುದು ಎರಡು ಹಂತಗಳಲ್ಲಿ. ಮೊದಲನೆಯದು ಮೈಗೆ ಅಂಟಿಕೊಳ್ಳುವ ಹಂತ. ಕಂದು ಪಾಚಿಯ ಕಣಗಳ ಗೋಡೆಯಲ್ಲಿ ಆಲ್ಜಿನೇಟ್ ಎಂಬ ಲೋಳೆಯಂತಹ ದ್ರವ್ಯವಿರುತ್ತದೆ. ಒಣಗಿದ ಪಾಚಿಯ ತೂಕದಲ್ಲಿ ಇದು ನೂರಕ್ಕೆ ೧೦ರಿಂದ ೪೦ರ ವರೆಗೂ ಇರುವುದುಂಟು. ಈ ದ್ರವ್ಯವು ಋಣ ವಿದ್ಯುದಂಶವುಳ್ಳದ್ದು. ನೀರಿನಲ್ಲಿ ಕರಗಿದ ಕ್ಯಾಡ್ಮಿಯಂ, ಸೀಸ, ತಾಮ್ರಗಳು ಧನ ವಿದ್ಯುದಂಶವುಳ್ಳವು. ಆದುದರಿಂದ ಮುಳ್ಳುಗಿಡಕ್ಕೆ ಹತ್ತಿ ಸಿಕ್ಕಿಕೊಳ್ಳುವಂತೆ ಲೋಹವು ಗೋಡೆಗೆ ಸಿಕ್ಕಿಕೊಳ್ಳುತ್ತದೆ. ಇದು ಕೆಲವು ನಿಮಿಷಗಳಿಂದ ಕೆಲವು ಗಂಟೆಗಳೊಳಗಾಗಿ ಮುಗಿಯುತ್ತದೆ. ಇದಕ್ಕೆ ಪಾಚಿಯು ಬದುಕಿರಬೇಕೆಂಬ ನಿಯಮವಿಲ್ಲ. ಸತ್ತು ಒಣಗಿದ ಪಾಚಿಯೂ ಲೋಹವನ್ನು ಹಿಡಿಯುತ್ತದೆ.

ಎರಡನೆಯದು ಕಣದ ಒಳಕ್ಕೆ ಹೊಗುವ ಹಂತ. ಇದು ನಿಧಾನವಾದುದು, ಬದುಕಿರುವ ಪಾಚಿಯಲ್ಲಿ ಮಾತ್ರ ನಡೆಯತಕ್ಕದ್ದು. ಕಣದ ಪೊರೆಯಲ್ಲಿ ಸತುವು, ಕಬ್ಬಿಣ, ಮ್ಯಾಂಗನೀಸ್ ಮುಂತಾದ ಪೋಷಕಗಳನ್ನು ಬರಮಾಡಿಕೊಳ್ಳುವ ದ್ವಾರಗಳಿರುತ್ತವೆ. ಕ್ಯಾಡ್ಮಿಯಂ ಗುಣದಲ್ಲಿ ಸತುವನ್ನು ಹೋಲುವುದರಿಂದ ಅದೇ ದ್ವಾರದಲ್ಲಿ ನುಸುಳುತ್ತದೆ. ಆರ್ಸೆನಿಕ್ ರಂಜಕದ ವೇಷದಲ್ಲಿ ಪ್ರವೇಶಿಸುತ್ತದೆ. ಕಾವಲುಗಾರನು ಬಲ್ಲವರ ಉಡುಪನ್ನು ನೋಡಿ ಕಳ್ಳನನ್ನು ಒಳಕ್ಕೆ ಬಿಟ್ಟಂತೆ ಇದು.

೩. ಒಳಹೊಕ್ಕ ವಿಷವನ್ನು ಅಡಗಿಸುವುದೂ ಹೊರಹಾಕುವುದೂ

ಇಷ್ಟು ವಿಷವನ್ನು ಹೊತ್ತೂ ಪಾಚಿಯು ಸಾಯದಿರುವುದು ಹೇಗೆಂಬ ಪ್ರಶ್ನೆಯು ಸಹಜವಾಗಿ ಏಳುತ್ತದೆ. ೧೯೮೫ರಲ್ಲಿ ಜರ್ಮನಿಯ ವಿಜ್ಞಾನಿಗಳು ಸಸ್ಯಗಳಲ್ಲಿ ಫೈಟೋಕೆಲಾಟಿನ್ ಎಂಬ ಗಂಧಕಯುಕ್ತವಾದ ಸಣ್ಣ ದ್ರವ್ಯಗಳನ್ನು ಕಂಡುಹಿಡಿದರು. ಇಂತಹವು ಪಾಚಿಗಳಲ್ಲಿಯೂ ಇರುವುದು ಅನಂತರ ತಿಳಿದುಬಂದಿತು. ಕ್ಯಾಡ್ಮಿಯಂ ಒಳಹೊಕ್ಕೊಡನೆ ಕಣವು ಇವುಗಳನ್ನು ತಯಾರಿಸುವುದಕ್ಕೆ ಪ್ರಾರಂಭಿಸುತ್ತದೆ. ಗಂಧಕವು ಲೋಹವನ್ನು ಬಿಗಿಯಾಗಿ ಹಿಡಿಯುತ್ತದೆ. ಹೀಗೆ ಕಟ್ಟುಬಿದ್ದ ಲೋಹವನ್ನು ಕಣದ ಒಳಗಿರುವ ಚೀಲದಂತಹ ಒಂದು ಭಾಗಕ್ಕೆ ಸಾಗಿಸಿ ಅಲ್ಲಿ ಬಂಧನದಲ್ಲಿಡುವುದು. ವಿಷವು ಅಲ್ಲಿ ನಾಶವಾಯಿತೆಂದು ತಿಳಿಯಕೂಡದು. ಪಾಚಿಗೆ ಬಾಧಿಸದಂತೆ ಅಡಗಿದೆ, ಅಷ್ಟೆ. ಆ ಪಾಚಿಯನ್ನು ತಿಂದ ಮೀನಿಗಾಗಲಿ, ಅದು ಕೊಳೆತು ಸೇರಿದ ಮಣ್ಣಿಗಾಗಲಿ ಆ ಬಂಧನವು ಉಪಯೋಗಕ್ಕೆ ಬಾರದು.

ಕೆಲವು ಪಾಚಿಗಳು ವಿಷವನ್ನು ಒಳಕ್ಕೆ ಬಿಡದೆಯೂ, ಬಂದುದನ್ನು ಹೊರಕ್ಕೆ ತಳ್ಳಿಯೂ ಬದುಕುತ್ತವೆ. ಹಡಗುಗಳ ತಳಕ್ಕೆ ಪಾಚಿ ಹಿಡಿಯದಂತೆ ತಾಮ್ರ ಬೆರೆಸಿದ ಬಣ್ಣವನ್ನು ಬಳಿಯುವ ರೂಢಿಯುಂಟು. ಆದಾಗ್ಯೂ ಎಕ್ಟೋಕಾರ್ಪಸ್ ಎಂಬ ಕಂದು ಪಾಚಿಯು ಅದರ ಮೇಲೆಯೂ ಬೆಳೆಯುವುದನ್ನು ಗಮನಿಸಿ, ಆ ಸಹನಶಕ್ತಿಯು ಪೀಳಿಗೆಯಿಂದ ಪೀಳಿಗೆಗೆ ಬರತಕ್ಕ ಗುಣವೆಂದು ೧೯೭೦ರಲ್ಲಿ ಇಂಗ್ಲಿಷ್ ವಿಜ್ಞಾನಿಗಳು ಪ್ರಕಟಿಸಿದರು. ಇದಲ್ಲದೆ ಕಂದು ಪಾಚಿಗಳು ತಾಮ್ರದ ಬಾಧೆ ಹೆಚ್ಚಿದಾಗ ಲೋಹವನ್ನು ಹಿಡಿಯತಕ್ಕ ದ್ರವ್ಯಗಳನ್ನು ನೀರಿಗೆ ಒಸರುತ್ತವೆ. ಪೊರೆಯಲ್ಲಿರುವ ಯಂತ್ರದಂತಹ ದ್ರವ್ಯಗಳು ಲೋಹವನ್ನು ಏತದಂತೆ ಹೊರಕ್ಕೆ ಎತ್ತಿಹಾಕುತ್ತವೆ. ಮುದಿಯಾದ ಎಸಳುಗಳು ಕಳಚಿಬಿದ್ದು ಅವುಗಳೊಡನೆ ಲೋಹವೂ ಹೋಗುತ್ತದೆ. ನೀರು ಹುಳಿಯಾದರೆ ಗೋಡೆಗೆ ಅಂಟಿದ್ದ ಲೋಹವು ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಕೊನೆಗೆ ಪಾಚಿಯು ಸತ್ತು ಕೊಳೆತಾಗ ಕೂಡಿಟ್ಟುದರಲ್ಲಿ ಬಹುಭಾಗವು ಮತ್ತೆ ನೀರಿಗೂ ಕೆಸರಿಗೂ ಸೇರುವುದು.

ಇದರಿಂದ ತಿಳಿಯತಕ್ಕ ಸಾರಾಂಶವಿಷ್ಟು: ಪಾಚಿಯು ಲೋಹವಿಷವನ್ನು ಸಾಲವಾಗಿ ತೆಗೆದುಕೊಳ್ಳುತ್ತದೆಯೇ ಹೊರತು ತೀರಿಸುವುದಿಲ್ಲ. ಸಮಯ ಬಂದಾಗ ಎಲ್ಲಿ ಇರುವುದೋ ಅಲ್ಲಿಯೇ ಹಿಂದಕ್ಕೆ ಕೊಡುತ್ತದೆ. ಕೆರೆಯಲ್ಲಿದ್ದರೆ ಕೆರೆಗೆ, ಹೊಲದಲ್ಲಿದ್ದರೆ ಹೊಲಕ್ಕೆ.

೪. ನಮ್ಮ ಕೆರೆಗಳಲ್ಲಿ ನಡೆಯುವುದೇನು?

ಕೆರೆಯ ಸಿಹಿನೀರಿನ ಪಾಚಿಗಳಲ್ಲಿ ಆಲ್ಜಿನೇಟ್ ಇಲ್ಲದಿದ್ದರೂ ಅವುಗಳ ಗೋಡೆಯಲ್ಲಿ ಅದೇ ಬಗೆಯ ಋಣಾಂಶಗಳಿರುವುದರಿಂದ ಕೆಲಸವು ಹೆಚ್ಚು ಕಡಮೆ ಒಂದೇ ರೀತಿಯದು. ನೀರಿಗೆ ಹಸುರು ಬಣ್ಣ ಕೊಡುವ ಕ್ಲೋರೆಲ್ಲ, ಸೀನೆಡೆಸ್ಮಸ್ ಎಂಬ ಸೂಕ್ಷ್ಮ ಪಾಚಿಗಳೂ ಲೋಹವನ್ನು ಹಿಡಿದು ಫೈಟೋಕೆಲಾಟಿನ್‌ಗಳನ್ನು ತಯಾರಿಸುತ್ತವೆ. ಅಂತರಗಂಗೆಯೆಂದು ಜನರು ಕರೆಯುವ ನೀಲಿ ಹೂವಿನ ತೇಲುಕಳೆಯು ಪಾಚಿಯ ಜಾತಿಗೆ ಸೇರಿದುದಲ್ಲವಾದರೂ ಲೋಹಗಳನ್ನು ವಿಶೇಷವಾಗಿ ತನ್ನ ಬೇರುಗಳಲ್ಲಿ ಸೇರಿಸಿಕೊಳ್ಳುತ್ತದೆ. ಪೀಣ್ಯದ ಲೇಪದ ಕೆಲಸದಿಂದ ಬರುವ ಕ್ರೋಮಿಯಂ ಮಾತ್ರ ಸ್ವಲ್ಪ ಬೇರೆ ಸ್ವಭಾವದ್ದು. ಹಳದಿ ಬಣ್ಣದ, ಅತಿ ವಿಷಕರವಾದ ಆರು ಸಂಯೋಗಶಕ್ತಿಯ ಕ್ರೋಮಿಯಂ ಋಣಾಂಶದ ರೂಪದಲ್ಲಿರುವುದರಿಂದ ಪಾಚಿಗೆ ಬೇಗ ಅಂಟದೆ ನೀರಿನೊಡನೆ ಹರಿದು ಬಾವಿಗಳಿಗೂ ಇಳಿಯಬಲ್ಲುದು. ಕೊಳೆತ ದ್ರವ್ಯಗಳ ಸಂಪರ್ಕದಿಂದ ಮೂರು ಸಂಯೋಗಶಕ್ತಿಗೆ ಇಳಿದ ಮೇಲೆ ಪಾಚಿಗೂ ಕೆಸರಿಗೂ ಅಂಟಿಕೊಳ್ಳುತ್ತದೆ.

ಕೆರೆಯ ತಳದ ಕೆಸರಿನಲ್ಲಿ ಗಾಳಿಯಾಡದ ಕಾರಣ ಲೋಹಗಳು ಗಂಧಕದೊಡನೆ ಕೂಡಿ ಕರಗದ ರೂಪದಲ್ಲಿರುತ್ತವೆ. ಆ ಗೋಡನ್ನು ತೆಗೆದು ಹೊಲದಲ್ಲಿ ಹರಡಿದಾಗ ಗಾಳಿ ತಗಲಿ ಗಂಧಕವು ಹುಳಿಯಾಗುತ್ತದೆ. ಆಗ ಕ್ಯಾಡ್ಮಿಯಮ್ಮಿನಂತಹ ಲೋಹವು ಕರಗುವ ರೂಪಕ್ಕೆ ಬಂದು ಬೆಳೆಯ ಬೇರಿಗೆ ಸುಲಭವಾಗಿ ಸಿಗುತ್ತದೆ. ಕೆರೆಯಲ್ಲಿದ್ದಾಗ ನಿದ್ರಿಸುತ್ತಿದ್ದ ವಿಷವು ಹೊಲದಲ್ಲಿ ಎಚ್ಚರಗೊಳ್ಳುವುದೆಂದು ಹೇಳಬಹುದು.

೫. ಒಂದು ಲೆಕ್ಕ

ನೀರಾವರಿಯ ನೀರಿನಲ್ಲಿ ಕ್ಯಾಡ್ಮಿಯಂ ಲೀಟರಿಗೆ ೦.೦೧ ಮಿಲಿಗ್ರಾಂ ಮೀರಕೂಡದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಸಲಹೆ ಮಾಡಿದೆ. ಒಂದು ಕೆರೆಯ ನೀರಿನಲ್ಲಿ ಸರಿಯಾಗಿ ಅಷ್ಟೇ ಇದೆಯೆಂದು ಇಟ್ಟುಕೊಳ್ಳೋಣ. ಪರೀಕ್ಷೆಯಲ್ಲಿ ಆ ನೀರು ತೇರ್ಗಡೆಯಾಗುತ್ತದೆ. ಆದರೆ ಅದರಲ್ಲಿ ಬೆಳೆದ ಪಾಚಿಯು ಸಾವಿರ ಪಾಲು ಕೂಡಿಹಾಕಿದರೆ ಒಣಗಿದ ಪಾಚಿಯ ಒಂದು ಕಿಲೋಗ್ರಾಮಿನಲ್ಲಿ ೧೦ ಮಿಲಿಗ್ರಾಂ ಕ್ಯಾಡ್ಮಿಯಂ ಇರುವುದು. ಭಾರತ ಸರ್ಕಾರದ ರಸಗೊಬ್ಬರ ನಿಯಂತ್ರಣ ಆಜ್ಞೆಯ ಪ್ರಕಾರ ನಗರದ ಕಸದಿಂದ ಮಾಡಿದ ಕಾಂಪೋಸ್ಟಿನಲ್ಲಿ ಇರಬಹುದಾದ ಮಿತಿಯು ಕಿಲೋಗ್ರಾಮಿಗೆ ೫ ಮಿಲಿಗ್ರಾಂ ಮಾತ್ರ. ಎಂದರೆ, ನೀರು ತೇರ್ಗಡೆಯಾದರೂ ಅದೇ ನೀರಿನ ಪಾಚಿಯು ಗೊಬ್ಬರಕ್ಕೆ ಅನರ್ಹವಾಗಬಹುದು. ಮೇಲಾಗಿ ಪಾಚಿಯನ್ನು ಗುಂಡಿಯಲ್ಲಿ ಕೊಳೆಸಿದಾಗ ಅದರ ಸಾವಯವ ಭಾಗವು ಕರಗಿ ತೂಕವು ಇಳಿಯುತ್ತದೆ, ಲೋಹವು ಇದ್ದಷ್ಟೇ ಉಳಿಯುತ್ತದೆ. ತೂಕವು ಅರ್ಧಕ್ಕೆ ಇಳಿದರೆ ಲೋಹದ ಪ್ರಮಾಣವು ಎರಡರಷ್ಟಾಗುವುದು. ಗೋಬರ್ ಗ್ಯಾಸಿನ ಗುಂಡಿಗೆ ಹಾಕಿದರೂ ಬಗ್ಗಡದಲ್ಲಿಯೂ, ಸುಟ್ಟರೂ ಬೂದಿಯಲ್ಲಿಯೂ ಲೋಹವು ಉಳಿಯುತ್ತದೆ.

ಇಂತಹ ಒಣಪಾಚಿಯನ್ನು ಎಕರೆಗೆ ೫ ಟನ್ನಿನಂತೆ ಹಾಕಿದರೆ ವರ್ಷಕ್ಕೆ ೫೦ ಗ್ರಾಂ ಕ್ಯಾಡ್ಮಿಯಂ ಹೊಲಕ್ಕೆ ಸೇರುತ್ತದೆ. ಒಂದು ಎಕರೆಯ ಮೇಲ್ಮಣ್ಣು ೧೫ ಸೆಂಟಿಮೀಟರ್ ಆಳಕ್ಕೆ ಸುಮಾರು ೯ ಲಕ್ಷ ಕಿಲೋಗ್ರಾಂ ತೂಗುವುದರಿಂದ ಕಿಲೋಗ್ರಾಂ ಮಣ್ಣಿಗೆ ಸುಮಾರು ೦.೦೫೫ ಮಿಲಿಗ್ರಾಂ ಕೂಡಿದಂತಾಯಿತು. ಒಂದು ವರ್ಷಕ್ಕೆ ಇದು ಅಲ್ಪವೇ. ಬೆಳೆಯಲ್ಲಿ ಯಾವ ವ್ಯತ್ಯಾಸವೂ ಕಾಣದು. ಇಪ್ಪತ್ತು ವರ್ಷಕ್ಕೆ ಒಂದು ಮಿಲಿಗ್ರಾಮನ್ನು ಮೀರುತ್ತದೆ. ಶುದ್ಧವಾದ ಸಾಮಾನ್ಯ ಮಣ್ಣಿನಲ್ಲಿ ಇರುವ ಕ್ಯಾಡ್ಮಿಯಂ ಒಂದು ಮಿಲಿಗ್ರಾಮಿಗಿಂತ ಕಡಮೆ. ತಂದೆಯು ಹಾಕಿದ ಗೊಬ್ಬರದ ಫಲವನ್ನು ಮಗನು ಉಣ್ಣುವನೆಂಬುದು ಇಲ್ಲಿ ಬೇರೊಂದು ಅರ್ಥದಲ್ಲಿ ನಿಜವಾಗುವುದು.

೬. ಜಪಾನಿನ ಒಂದು ನಿದರ್ಶನ

ಇದು ಕೇವಲ ಊಹೆಯ ಮಾತಲ್ಲವೆಂಬುದಕ್ಕೆ ಜಪಾನಿನ ತೊಯಾಮ ಪ್ರಾಂತದ ಜಿಂಜು ನದಿಯ ಬಯಲೇ ಸಾಕ್ಷಿ. ಮೇಲಿನ ಕಾಮಿಯೋಕ ಗಣಿಯಿಂದ ಕ್ಯಾಡ್ಮಿಯಂ ಹೊಳೆಗೆ ಇಳಿದು, ಕಾಲುವೆಯ ನೀರಿನೊಡನೆ ಗದ್ದೆಗಳಿಗೆ ಹರಿದು, ಅಕ್ಕಿಯಲ್ಲಿ ಸೇರಿತು. ಅನೇಕ ವರ್ಷ ಆ ಅನ್ನವನ್ನು ಉಂಡವರ, ಅದರಲ್ಲಿಯೂ ವಯಸ್ಸಾದ ಹೆಂಗಸರ, ಮೂತ್ರಪಿಂಡಗಳು ಕೆಟ್ಟು ಎಲುಬುಗಳು ಮೃದುವಾಗಿ ಮುರಿಯಹತ್ತಿದುವು. ನೋವಿನಿಂದ ರೋಗಿಗಳು ಕೂಗುತ್ತಿದ್ದ ಶಬ್ದದಿಂದಲೇ ಆ ರೋಗಕ್ಕೆ ಇತಾಯಿ ಇತಾಯಿ ಎಂದು ಹೆಸರಾಯಿತು. ಮಾಲಿನ್ಯದಿಂದ ಉಂಟಾದ ರೋಗವೆಂದು ಜಪಾನ್ ಸರ್ಕಾರವು ಅದನ್ನು ೧೯೬೮ರಲ್ಲಿ ಒಪ್ಪಿಕೊಂಡಿತು. ಕೆಟ್ಟ ಗದ್ದೆಗಳ ಮಣ್ಣನ್ನು ಬದಲಾಯಿಸಿ ಸರಿಪಡಿಸುವ ಕೆಲಸವು ೨೦೧೨ರ ವರೆಗೂ ನಡೆಯಿತು. ಗದ್ದೆಯನ್ನು ಕೆಡಿಸುವುದು ಸುಲಭ. ಸರಿಪಡಿಸುವುದಕ್ಕೆ ಒಂದು ತಲೆಮಾರು ಬೇಕು.

೭. ಮಾಡತಕ್ಕ ಕೆಲಸಗಳು

(೧) ಪ್ರತಿ ಗ್ರಾಮದ ಮುಖಂಡರೂ ಮೊದಲು ತಮ್ಮ ಕೆರೆಗೆ ನೀರು ಬರುವ ಕಾಲುವೆಗಳನ್ನು ನಡೆದು ನೋಡಿ, ಮಳೆಯ ನೀರಿನ ಕೆರೆ ಯಾವುದು, ಕೊಳಚೆ ಅಥವಾ ಕಾರ್ಖಾನೆಯ ನೀರು ಬೀಳುವ ಕೆರೆ ಯಾವುದು ಎಂದು ವಿಂಗಡಿಸಿ ಪಂಚಾಯಿತಿಯ ಪುಸ್ತಕದಲ್ಲಿ ಬರೆದಿಡತಕ್ಕದ್ದು. ಮೊದಲನೆಯ ಬಗೆಯ ಕೆರೆಯ ಗೋಡನ್ನು ಹಿಂದಿನಂತೆಯೇ ಉಪಯೋಗಿಸಬಹುದು. ೨೦೧೮ರಿಂದ ಬೆಂಗಳೂರಿನ ಶುದ್ಧೀಕರಿಸಿದ ನೀರನ್ನು ಪಡೆಯುತ್ತಿರುವ ಕೋಲಾರ ಜಿಲ್ಲೆಯ ಕೆರೆಗಳ ಮುಖಂಡರೂ ಈ ವಿಂಗಡಣೆಯನ್ನು ಮಾಡುವುದು ಮೇಲು. ಎರಡನೆಯ ಹಂತದ ವರೆಗಿನ ಶುದ್ಧೀಕರಣವು ಮುಖ್ಯವಾಗಿ ಕೊಳೆಯುವ ಕಲ್ಮಷವನ್ನು ತೆಗೆಯುವುದಕ್ಕೆ ಏರ್ಪಟ್ಟುದೇ ಹೊರತು ಲೋಹವನ್ನು ತೆಗೆಯುವುದಕ್ಕಲ್ಲ.

(೨) ಎರಡನೆಯ ಬಗೆಯ ಕೆರೆಯ ಪಾಚಿ, ಅಂತರಗಂಗೆ, ಗೋಡುಗಳನ್ನು ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕಕೂಡದು, ದನಗಳಿಗೆ ಮೇಯಿಸಕೂಡದು. ಕಾಂಪೋಸ್ಟಿಗೆ ಸರ್ಕಾರವು ಇಟ್ಟಿರುವ ಮಿತಿಗಳು ಕಿಲೋಗ್ರಾಮಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಹೀಗಿವೆ: ಕ್ಯಾಡ್ಮಿಯಂ ೫, ಕ್ರೋಮಿಯಂ ೫೦, ನಿಕಲ್ ೫೦, ಸೀಸ ೧೦೦, ತಾಮ್ರ ೩೦೦, ಸತುವು ೧೦೦೦, ಪಾದರಸ ೦.೧೫. ಪರೀಕ್ಷಾಪತ್ರವು ಬಂದಾಗ ಈ ಅಂಕಗಳೊಡನೆ ಹೋಲಿಸಿ ನೋಡತಕ್ಕದ್ದು.

(೩) ಕಳೆಯನ್ನು ಕೆರೆಯಿಂದ ತೆಗೆಯುವ ಕೆಲಸವನ್ನು ಮಾತ್ರ ನಿಲ್ಲಿಸಕೂಡದು. ಪಾಚಿಯು ಹಿಡಿದ ವಿಷವನ್ನು ಕೆರೆಯಿಂದ ಹೊರಕ್ಕೆ ತರುವುದಕ್ಕೆ ಅದೇ ಸುಲಭವಾದ ಉಪಾಯ. ಆದರೆ ಅದು ಸತ್ತು ಕೊಳೆಯುವುದಕ್ಕೆ ಮುಂಚೆ, ಮುಂಗಾರಿಗೆ ಮೊದಲೇ ತೆಗೆಯಬೇಕು. ತೆಗೆದುದನ್ನು ಏರಿಯ ಮೇಲೆ ರಾಶಿ ಹಾಕಿದರೆ ಮೊದಲ ಮಳೆಯಲ್ಲಿಯೇ ರಸವಿಳಿದು ಕೆರೆಗೆ ಸೇರುವುದು. ಬಾವಿಗೂ ಕಾಲುವೆಗೂ ದೂರವಾದ ಎತ್ತರದ ಜಾಗದಲ್ಲಿ, ನೀರು ಇಂಗದ ತಳವುಳ್ಳ ಗುಂಡಿಯಲ್ಲಿ ಇಟ್ಟು, ಮಿತಿ ಮೀರಿದ್ದರೆ ಮಾಲಿನ್ಯ ನಿಯಂತ್ರಣ ಮಂಡಲಿಯ ಸೂಚನೆಯಂತೆ ವಿಲೇವಾರಿ ಮಾಡಿಸತಕ್ಕದ್ದು.

(೪) ಸಂಶಯವುಳ್ಳ ನೀರು ಹಾಯುವ ಜಮೀನಿನಲ್ಲಿ ಪಾಲಕ್, ದಂಟು ಮೊದಲಾದ ಸೊಪ್ಪುಗಳನ್ನೂ, ಮೂಲಂಗಿ, ಕ್ಯಾರೆಟ್ ಮೊದಲಾದ ಗೆಡ್ಡೆಗಳನ್ನೂ ಬೆಳೆಯಕೂಡದು; ಲೋಹವು ಹೆಚ್ಚಾಗಿ ಸೇರುವುದು ಇವುಗಳಲ್ಲಿಯೇ. ಹೂವಿನ ಬೆಳೆ, ಮರದ ಬೆಳೆ, ಸಸಿಮಡಿಗಳು ಇಂತಹ ಜಮೀನಿಗೆ ತಕ್ಕುವು. ಮೇವಿನ ಹುಲ್ಲನ್ನು ಬೆಳೆಯುವವರು ವರ್ಷಕ್ಕೊಮ್ಮೆಯಾದರೂ ಹುಲ್ಲನ್ನು ಪರೀಕ್ಷೆ ಮಾಡಿಸಬೇಕು.

(೫) ನಮ್ಮ ಕೆಂಪು ಮಣ್ಣು ಅನೇಕ ಕಡೆಗಳಲ್ಲಿ ಸ್ವಲ್ಪ ಹುಳಿಯಾಗಿರುತ್ತದೆ. ಹುಳಿಮಣ್ಣಿನಲ್ಲಿ ಕ್ಯಾಡ್ಮಿಯಂ ಬೇರಿಗೆ ಹೆಚ್ಚು ಸಿಗುತ್ತದೆ. ಮಣ್ಣಿನ ಪರೀಕ್ಷೆಯಂತೆ ಸುಣ್ಣವನ್ನೂ, ಶುದ್ಧವಾದ ಕೊಟ್ಟಿಗೆ ಗೊಬ್ಬರವನ್ನೂ ಹಾಕಿದರೆ ಅದರ ಹಾವಳಿಯು ತಗ್ಗುವುದು. ಇದರಿಂದ ಲೋಹವು ಹೋಗುವುದಿಲ್ಲ, ಬಿಗಿಯಲ್ಪಡುತ್ತದೆ ಅಷ್ಟೆ. ಆದುದರಿಂದ ಹೊಸ ವಿಷವು ಬಾರದಂತೆ ತಡೆಯುವುದೇ ಮುಖ್ಯ.

(೬) ಪರೀಕ್ಷೆಗೆ ಮಣ್ಣನ್ನು ತೆಗೆಯುವಾಗ ಹೊಲದ ಹತ್ತು ಹದಿನೈದು ಕಡೆ ೧೫ ಸೆಂಟಿಮೀಟರ್ ಆಳದ ವರೆಗೆ ತೆಗೆದು ಬೆರಸಿ, ಅರ್ಧ ಕಿಲೋಗ್ರಾಮಿನಷ್ಟನ್ನು ಶುದ್ಧವಾದ ಚೀಲದಲ್ಲಿ ತುಂಬಬೇಕು. ಸತುವಿನ ಲೇಪವುಳ್ಳ ಬಕೆಟ್ಟು, ಸಲಿಕೆಗಳನ್ನು ಉಪಯೋಗಿಸಕೂಡದು; ಅವುಗಳಿಂದಲೇ ಲೋಹವು ಸೇರಿ ಪರೀಕ್ಷೆಯು ಕೆಡುವುದು. ನೀರಿನ ಜೊತೆಗೆ ಪಾಚಿಯ ಮಾದರಿಯನ್ನೂ ತಪ್ಪದೆ ಕಳುಹಿಸತಕ್ಕದ್ದು. ಕಾರಣವನ್ನು ಮೇಲೆ ಹೇಳಿದೆ. ಮಾದರಿಗಳನ್ನು ಎಲ್ಲಿಗೆ ಕಳುಹಿಸಬೇಕೆಂಬುದನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ತಿಳಿಯಬಹುದು.

(೭) ಕಡಲಪಾಚಿಯ ರಸವೆಂದು ಸೀಸೆಗಳಲ್ಲಿ ಮಾರುವ ದ್ರಾವಣಗಳು ಬೆಳೆಗೆ ಉಪಯುಕ್ತವಾದವುಗಳೇ. ಆದರೆ ಕಡಲಪಾಚಿಯೂ ಲೋಹವನ್ನು ಕೂಡಿಹಾಕತಕ್ಕದ್ದೆಂಬುದನ್ನು ಮೇಲೆ ನೋಡಿದ್ದೇವೆ. ೨೦೨೧ರಿಂದ ಇಂತಹ ದ್ರಾವಣಗಳು ರಸಗೊಬ್ಬರ ನಿಯಂತ್ರಣ ಆಜ್ಞೆಗೆ ಒಳಪಟ್ಟಿವೆ. ಚೀಟಿಯಿಲ್ಲದ, ತಯಾರಕರ ವಿವರವಿಲ್ಲದ ಸೀಸೆಯನ್ನು ಕೊಳ್ಳಕೂಡದು.

(೮) ಕಾಲುವೆಗೆ ಬಣ್ಣದ ಅಥವಾ ಘಾಟಿನ ನೀರು ಬಿದ್ದುದನ್ನು ಕಂಡರೆ ದಿನ, ವೇಳೆ, ಸ್ಥಳಗಳನ್ನು ಬರೆದಿಟ್ಟು, ಪಂಚಾಯಿತಿಯ ಮೂಲಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಲಿಗೆ ಲಿಖಿತವಾಗಿ ತಿಳಿಸತಕ್ಕದ್ದು. ೧೯೭೪ರ ಜಲಮಾಲಿನ್ಯ ಕಾಯಿದೆಯ ಮೇರೆಗೆ ಹೊಳೆ ಕೆರೆಗಳಿಗೆ ವಿಷವಸ್ತುವನ್ನು ಬಿಡುವುದು ಅಪರಾಧ. ಒಬ್ಬ ರೈತನ ಬಾಯಿಮಾತಿಗಿಂತ ಗ್ರಾಮದ ದಾಖಲೆಗೆ ಬಲವು ಹೆಚ್ಚು.

ಬೈರಮಂಗಲದ ಬಯಲಿನವರೂ ವರ್ತೂರಿನ ಅಚ್ಚುಕಟ್ಟಿನವರೂ ತಾವು ಮಾಡದ ತಪ್ಪಿನ ಫಲವನ್ನು ತಮ್ಮ ಜಮೀನಿನಲ್ಲಿ ಹೊತ್ತಿರುತ್ತಾರೆ. ಮೇಲಿನಿಂದ ಬರುವ ನೀರನ್ನು ನಿಲ್ಲಿಸುವ ಅಧಿಕಾರವು ಅವರ ಕೈಯಲ್ಲಿಲ್ಲ. ಆದರೆ ಕೆರೆಯ ಪಾಚಿಯೂ ಗೋಡೂ ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು ಎಂಬುದನ್ನು ನಿರ್ಣಯಿಸುವ ಅಧಿಕಾರವು ಗ್ರಾಮದವರ ಕೈಯಲ್ಲಿಯೇ ಇದೆ. ಈ ಬೇಸಗೆಯಲ್ಲಿ ಗಾಡಿಗೆ ಗೋಡು ತುಂಬುವುದಕ್ಕೆ ಮುಂಚೆ ಒಂದು ಚೀಲದ ಮಾದರಿಯನ್ನು ಪರೀಕ್ಷೆಗೆ ಕಳುಹಿಸಿ ಉತ್ತರಕ್ಕಾಗಿ ಕಾಯುವುದರಿಂದ ಆಗುವ ನಷ್ಟವು ಕೆಲವು ವಾರಗಳದು. ಕಾಯದಿರುವುದರಿಂದ ಆಗಬಹುದಾದ ನಷ್ಟವು ಮಕ್ಕಳ ಕಾಲಕ್ಕೂ ಮುಗಿಯದು.